ಪಾಸ್‌ವರ್ಡ್ ಮರೆತ್ರೆ ಫಾರ್ಮ್ಯಾಟ್‌ಗೆ ಓಡಬೇಡಿ

ನಮ್ಮ ಮನೆ ಪುಣೆಯ ಕೋಥ್ರೂಡ್‌ನಲ್ಲಿ. ರಜೆಗೆ ಊರಿಗೆ ಹೋಗಿ ಬಂದು ನೋಡಿದ್ರೆ, ಕಂಪ್ಯೂಟರಿನ ಅಡ್ಮಿನ್ ಪಾಸ್‌ವರ್ಡ್ ನೆನಪೇ ಇಲ್ಲ! ಅಮ್ಮನ ಕೊನೆಯ ಫೋಟೋಗಳೆಲ್ಲ ಅದರಲ್ಲೇ ಇದ್ದವು. ಅಂಗಡಿಯವರು "ಫಾರ್ಮ್ಯಾಟ್ ಕರಾವಂ ಲಾಗೇಲ್" ಅಂದರು. ಎದೆ ಧಸಕ್ ಅಂತು.

ಸ್ವಲ್ಪ ತಾಳಿ. ಮೊದಲು ಕ್ಯಾಪ್ಸ್ ಲಾಕ್ ನೋಡಿ. ಆಮೇಲೆ ನಿಮ್ಮದು ಯಾವ ಖಾತೆ ಅಂತ ತಿಳ್ಕೊಳ್ಳಿ. ವಿಂಡೋಸ್ 10, 11ರಲ್ಲಿ ಇಮೇಲ್ ಕೊಟ್ಟು ಮಾಡಿದ ಮೈಕ್ರೋಸಾಫ್ಟ್ ಖಾತೆಯಾದ್ರೆ, ಮೊಬೈಲಿನಲ್ಲೇ ಅದರ ಪಾಸ್‌ವರ್ಡ್ ಬದಲಿಸಬಹುದು. ಆಮೇಲೆ ಕಂಪ್ಯೂಟರಿಗೆ ಇಂಟರ್ನೆಟ್ ಕೊಟ್ಟು ಹೊಸದನ್ನು ಹಾಕಿ. ನಮ್ಮದು ತೆರೆದದ್ದು ಹೀಗೇ.

ಲೋಕಲ್ ಖಾತೆಯೇ? ತಪ್ಪು ಪಾಸ್‌ವರ್ಡ್ ಒಮ್ಮೆ ಹಾಕಿದರೆ ಕೆಳಗೆ ರೀಸೆಟ್ ಆಯ್ಕೆ ಬರುತ್ತೆ. ಮೊದಲೇ ಇಟ್ಟಿದ್ದ ಮೂರು ಭದ್ರತಾ ಪ್ರಶ್ನೆಗಳಿಗೆ ಉತ್ತರಿಸಿದರೆ ಸಾಕು. ಪ್ರಶ್ನೆಗಳನ್ನೇ ಇಟ್ಟಿಲ್ಲ ಅಂದ್ರೆ ಇನ್ನೊಂದು ಅಡ್ಮಿನ್ ಖಾತೆಯಿಂದ ಬದಲಿಸಬಹುದು.

ಬಿಟ್‌ಲಾಕರ್ ಇದ್ದರೆ ರಿಪೇರಿ ವೇಳೆ 48 ಅಂಕಿಗಳ ಕೀಲಿ ಕೇಳಬಹುದು. ಅದಿಲ್ಲದೆ ಫೈಲು ಸಿಗಲ್ಲ. ಇವತ್ತೇ ಆ ಕೀಲಿ ಬರೆದು, ಮನೆಪತ್ರದ ಜೊತೆ ಇಡಿ. ಫೋಟೋಗಳ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿರಲಿ.