ರಾತ್ರಿ ಹನ್ನೊಂದರ ಗೋಬಿ

ಇವತ್ತು ಯಾವ ಮಂತ್ರಿಯನ್ನೂ ಪ್ರಶ್ನೆ ಮಾಡೋದಿಲ್ಲ, ಯಾವ ಪಕ್ಷದ ವಕ್ತಾರರನ್ನೂ ಕೂರಿಸಿಕೊಂಡಿಲ್ಲ. ಇವತ್ತು ಕಟಕಟೆಯಲ್ಲಿ ನಾನೇ ನಿಂತಿದ್ದೀನಿ.

2024ರ ಮಾರ್ಚ್ 11, ಸೋಮವಾರ. ನಿಮಗೂ ನೆನಪಿರಬಹುದು. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು, ಗೋಬಿ ಮಂಚೂರಿಗೆ ಮತ್ತು ಕಾಟನ್ ಕ್ಯಾಂಡಿಗೆ ಕೃತಕ ಬಣ್ಣ ಹಾಕುವಂತಿಲ್ಲ ಅಂತ ಘೋಷಿಸಿದ ದಿನ. ರಾಜ್ಯದಲ್ಲಿ ಸಂಗ್ರಹಿಸಿದ ಗೋಬಿಯ 171 ಮಾದರಿಗಳಲ್ಲಿ 107 ಅಸುರಕ್ಷಿತ. ಕಾಟನ್ ಕ್ಯಾಂಡಿಯಲ್ಲಿ 25ಕ್ಕೆ 15 ಅಸುರಕ್ಷಿತ. ಬಟ್ಟೆಗೆ ಬಳಸುವ ರೋಡಮೈನ್-ಬಿ ಅನ್ನುವ ಬಣ್ಣ ಮಕ್ಕಳ ಮಿಠಾಯಿಯಲ್ಲಿ! ನಿಯಮ ಮುರಿದರೆ 7 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ.

ಅವತ್ತು ರಾತ್ರಿ 9ಕ್ಕೆ ನಾನು ಇದೇ ಕುರ್ಚಿಯಲ್ಲಿ ಕೂತು ಒಂದು ಗಂಟೆ ಗುಡುಗಿದೆ. ‘ಇದು ಊಟವೋ, ವಿಷವೋ?’ ಅಂತ ಮೇಜು ಕುಟ್ಟಿದೆ. ಕಾರ್ಯಕ್ರಮ ಚೆನ್ನಾಗಿ ಓಡಿತು, ಎಲ್ಲರೂ ಬೆನ್ನು ತಟ್ಟಿದರು. ಮೇಕಪ್ ಒರೆಸಿ, ನಾಳೆಯ ಮೀಟಿಂಗ್ ಮುಗಿಸಿ ಆಫೀಸಿನಿಂದ ಹೊರಗೆ ಬಂದಾಗ ಗಂಟೆ 11 ದಾಟಿತ್ತು. ಆಮೇಲೆ ಏನಾಯ್ತು ಗೊತ್ತಾ? ನೇರವಾಗಿ ಹೋಗಿ ನಿಂತಿದ್ದು ಸಿಗ್ನಲ್ ಪಕ್ಕದ ಗೋಬಿ ಗಾಡಿ ಮುಂದೆ!

ಗಾಡಿಯವರು ನನ್ನ ಮುಖ ನೋಡಿ ಜಾಲರಿ ಸೌಟು ಕೆಳಗಿಟ್ಟರು. ‘ಏನ್ ಸಾರ್, ಟಿವೀಲಿ ಹಂಗ್ ಬೈದು ಇಲ್ಲಿಗೇ ಬಂದ್ರಾ?’ ಅಂದರು. ನಾನು ನಕ್ಕೆ. ನಗದೆ ಇನ್ನೇನು ಮಾಡೋದು? ‘ಬಣ್ಣ ಹಾಕ್ಬೇಡಿ, ಒಂದು ಹಾಫ್ ಕೊಡಿ’ ಅಂದೆ. ಅವರು ಒಂದು ಮಾತು ಹೇಳಿದರು, ಅದು ಇವತ್ತಿಗೂ ಕಿವಿಯಲ್ಲಿದೆ. ‘ಕೆಂಪಗಿಲ್ದಿದ್ರೆ ಗಿರಾಕಿ ಮುಟ್ಟಲ್ಲ ಸಾರ್. ಬಣ್ಣ ನಂಗೆ ಬೇಕಾಗಿಲ್ಲ, ನಿಮ್ಗೇ ಬೇಕು.’

ಬಣ್ಣವಿಲ್ಲದ ಗೋಬಿ ತಿಂದೆ. ಕಂದು ಬಣ್ಣಕ್ಕಿತ್ತು, ರುಚಿ ಅದೇ. ಹಾಫ್ ಅಂದಿದ್ದು ಫುಲ್ ಆಯ್ತು. ಅವತ್ತೇ ನನಗೆ ಒಂದು ಸತ್ಯ ಹೊಳೆಯಿತು. ಸರ್ಕಾರ ಗೋಬಿಯಿಂದ ಬಣ್ಣ ತೆಗೆಸಬಹುದು. ತೆಗೆಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನ ರಾತ್ರಿ ಹನ್ನೊಂದರ ಹಸಿವನ್ನ ಯಾವ ಸುತ್ತೋಲೆಯೂ ತೆಗೆಸೋದಿಲ್ಲ.

ನಾನು ಓದಿದ್ದು ಎಂಜಿನಿಯರಿಂಗ್. ಹಾಸ್ಟೆಲ್‌ನಲ್ಲಿ ಮೆಸ್ ಊಟ ಸೇರದಿದ್ದ ದಿನವೆಲ್ಲ ಗೋಬಿಯೇ ನಮ್ಮ ಅನ್ನದಾತ. ಕಿಸೆಯಲ್ಲಿದ್ದ ಚಿಲ್ಲರೆಯಲ್ಲಿ ಮೂರು ಜನ ಒಂದು ಪ್ಲೇಟ್ ಹಂಚಿಕೊಂಡು, ಕೊನೆಯ ಚೂರಿಗೆ ಜಗಳ ಆಡ್ತಿದ್ವಿ. ಹಾಗಾಗಿ ಗೋಬಿ ಅಂದರೆ ನನಗೆ ಬರೀ ತಿಂಡಿ ಅಲ್ಲ, ಗೆಳೆಯರು, ಪರೀಕ್ಷೆ, ಮಳೆ ಎಲ್ಲ ಅದರಲ್ಲೇ ಇದೆ. ನಿಮಗೆ ಅದು ಪಾನಿಪೂರಿ ಇರಬಹುದು, ಎಗ್ ರೈಸ್ ಇರಬಹುದು, ಬರ್ಗರ್ ಇರಬಹುದು. ಬಾಯಿಚಪಲ ಅಂತ ಬೈಯೋದು ಸುಲಭ. ಆದರೆ ಅದರ ಹಿಂದೆ ಇಷ್ಟೆಲ್ಲ ಇರುತ್ತೆ.

ಜೊತೆಗೆ ನಮ್ಮನ್ನ ನಾವೇ ಸಮಾಧಾನ ಮಾಡ್ಕೊಳ್ಳೋ ವಕೀಲಿಕೆ ಬೇರೆ. ‘ಹೂಕೋಸು ತರಕಾರಿ ತಾನೇ?’ ತರಕಾರಿ ಹೌದು. ಅದಕ್ಕೆ ಮೈದಾ, ಕಾರ್ನ್‌ಫ್ಲೋರ್ ಕೋಟು ತೊಡಿಸಿ, ಕುದಿಯೋ ಎಣ್ಣೆಯಲ್ಲಿ ಮುಳುಗಿಸಿ, ಉಪ್ಪಿನ ಸಾಸ್‌ನಲ್ಲಿ ಹೊರಳಾಡಿಸಿದ ಮೇಲೆ ತರಕಾರಿ ಎಷ್ಟು ಉಳೀತು? ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಟೀ ಚಮಚ. ಅದು ಇಡೀ ದಿನದ ಲೆಕ್ಕ ಅನ್ನೋದು ನೆನಪಿರಲಿ.

ಈಗ ನನ್ನ ವರದಿಗೆ ಬರ್ತೀನಿ. ನನ್ನ ಅಪ್ಪನಿಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಕಾಲ್ಬೆರಳಿನ ಒಂದು ಸಣ್ಣ ಗಾಯ ವಾಸಿಯಾಗೋಕೆ ನಾಲ್ಕು ತಿಂಗಳು ತಗೊಂಡಿದ್ದನ್ನ ನಾನು ಕಣ್ಣಾರೆ ನೋಡಿದ್ದೀನಿ. ಅವರು ದಿನಾ ನನ್ನ ಕಾರ್ಯಕ್ರಮ ನೋಡ್ತಾರೆ. ಮುಗಿದ ಕೂಡಲೇ ಊರಿಂದ ಫೋನ್ ಬರುತ್ತೆ. ಇಡೀ ಚರ್ಚೆ ಬಗ್ಗೆ ಒಂದು ಮಾತೂ ಇಲ್ಲ, ಒಂದೇ ಪ್ರಶ್ನೆ: ‘ಊಟ ಆಯ್ತೇನೋ?’ ‘ಆಯ್ತಪ್ಪ’ ಅಂತೀನಿ. ದಿನಾ ರಾತ್ರಿ ಒಂದು ಸುಳ್ಳು. ದೇಶದ ಸುಳ್ಳುಗಳನ್ನೆಲ್ಲ ಬಯಲು ಮಾಡ್ತೀವಿ ಅನ್ನೋ ನಾನು ಅಪ್ಪನ ಹತ್ರ ಒಂದು ನಿಜ ಹೇಳ್ತಿರಲಿಲ್ಲ.

ಕಳೆದ ವರ್ಷ ಆಫೀಸಿನಲ್ಲಿ ಎಲ್ಲರಿಗೂ ರಕ್ತ ಪರೀಕ್ಷೆ ಮಾಡಿಸಿದರು. ನನ್ನ ಎಚ್‌ಬಿಎ1ಸಿ 6.1. ಇದು ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಲೆಕ್ಕ. ಅವತ್ತು ಬೆಳಗ್ಗೆ ಉಪವಾಸ ಇದ್ದು ಮೋಸ ಮಾಡೋಕಾಗಲ್ಲ. 5.7ರಿಂದ 6.4 ಇದ್ದರೆ ಮಧುಮೇಹದ ಹೊಸ್ತಿಲು. 6.5 ಮುಟ್ಟಿದರೆ ಮನೆಯೊಳಗೇ ಬಂದ ಹಾಗೆ. ನಾನೊಬ್ಬನೇ ಅಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹ ಇದೆ, 13.6 ಕೋಟಿ ಜನ ಹೊಸ್ತಿಲಲ್ಲಿದ್ದಾರೆ. ‘ಇನ್ನೂ ಹಿಂದಕ್ಕೆ ಬರೋಕೆ ದಾರಿ ಇದೆ, ತಡ ಮಾಡ್ಬೇಡಿ’ ಅಂದರು ಡಾಕ್ಟರು.

ನಾನು ಮೊದಲು ಮಾಡಿದ್ದು ಶಪಥ. ನಾಳೆಯಿಂದ ಗೋಬಿ ಬಂದ್, ಬಿಸ್ಕತ್ ಬಂದ್, ಎಲ್ಲ ಬಂದ್! ಬರೀ ಸೌತೆಕಾಯಿ. ಎಷ್ಟು ದಿನ ನಡೀತು ಹೇಳಿ? ನಾಲ್ಕು. ಐದನೇ ರಾತ್ರಿ ಆ್ಯಪ್‌ನಲ್ಲಿ ಎರಡು ಪ್ಲೇಟ್ ತರಿಸಿ, ಹೆಂಡತಿಗೆ ಗೊತ್ತಾಗದ ಹಾಗೆ ಕಾರಿನಲ್ಲೇ ಕೂತು ತಿಂದೆ. ಡಬ್ಬಿ ಎಸೆಯೋಕೆ ಕಳ್ಳನ ಹಾಗೆ ಪಕ್ಕದ ರಸ್ತೆಗೆ ಹೋದೆ. ಮಾರನೇ ದಿನ ನನ್ನ ಬಗ್ಗೆ ನನಗೇ ಅಸಹ್ಯ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಿಬಿಡ್ತೀನಿ. ಇದು ಬರೀ ಮನಸ್ಸಿನ ದೌರ್ಬಲ್ಯ ಅಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಅನ್ನೋ ವಿಜ್ಞಾನಿ 20 ಜನರನ್ನ ನಾಲ್ಕು ವಾರ ಆಸ್ಪತ್ರೆಯಲ್ಲೇ ಇಟ್ಟುಕೊಂಡು ಒಂದು ಪ್ರಯೋಗ ಮಾಡಿದರು. ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಅತಿ ಸಂಸ್ಕರಿತ ಆಹಾರ, ಎರಡು ವಾರ ಸಾದಾ ಊಟ. ಸಕ್ಕರೆ, ಕೊಬ್ಬು, ಉಪ್ಪು ಎಲ್ಲ ಎರಡರಲ್ಲೂ ಸರಿಸಮ ಬಡಿಸಿ, ಬೇಕಾದಷ್ಟು ತಿನ್ನಿ ಅಂದರು. ಅತಿ ಸಂಸ್ಕರಿತ ಊಟದ ವಾರಗಳಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು, ಬೇಗ ಬೇಗ ತಿಂದರು, ಹತ್ತಿರ ಹತ್ತಿರ ಒಂದು ಕೆಜಿ ತೂಕ ಏರಿಸಿಕೊಂಡರು. 2019ರಲ್ಲಿ ಪ್ರಕಟವಾದ ಫಲಿತಾಂಶ ಇದು. ಜನ ಅವರೇ, ಮನಸ್ಸೂ ಅದೇ. ಬದಲಾಗಿದ್ದು ತಟ್ಟೆ ಮಾತ್ರ. ಇನ್ನು ನಿದ್ದೆ ಕೆಟ್ಟರೆ ಹಸಿವು ಹೆಚ್ಚಿಸುವ ಹಾರ್ಮೋನು ಏರುತ್ತೆ, ಹೊಟ್ಟೆ ತುಂಬಿತು ಅಂತ ಹೇಳುವ ಹಾರ್ಮೋನು ಇಳಿಯುತ್ತೆ. ನೈಟ್ ಶಿಫ್ಟ್ ಮಾಡುವ ನರ್ಸ್‌ಗಳು, ಡ್ರೈವರ್‌ಗಳು, ಸಾಫ್ಟ್‌ವೇರ್ ಹುಡುಗರು, ಪೊಲೀಸರು ಇದನ್ನ ನನಗಿಂತ ಚೆನ್ನಾಗಿ ಬಲ್ಲರು.

ಆಮೇಲೆ ನಾನು ಕಾಲೇಜಿನಲ್ಲಿ ಕಲಿತಿದ್ದನ್ನ ನೆನಪು ಮಾಡ್ಕೊಂಡೆ. ಮಷೀನ್ ಕೆಟ್ಟಾಗ ಎಂಜಿನಿಯರ್ ಮಷೀನಿಗೆ ಬೈಯೋದಿಲ್ಲ, ಎಲ್ಲಿ ಕೆಡ್ತಿದೆ ಅಂತ ಹುಡುಕ್ತಾನೆ. ಒಂದು ವಾರ ಏನು ತಿಂದೆ, ಯಾವಾಗ ತಿಂದೆ ಅಂತ ಚೀಟಿಯಲ್ಲಿ ಬರೆದೆ. ಉತ್ತರ ಅಲ್ಲೇ ಇತ್ತು. ಮಧ್ಯಾಹ್ನ ಒಂದೂವರೆಗೆ ಊಟ. ಆಮೇಲೆ ರಾತ್ರಿ ಹನ್ನೊಂದರವರೆಗೆ ಬರೀ ನಾಲ್ಕು ಕಾಫಿ, ಎರಡು ಬಿಸ್ಕತ್. ಒಂಬತ್ತೂವರೆ ಗಂಟೆ ಖಾಲಿ ಹೊಟ್ಟೆ! ಆ ಹೊತ್ತಿಗೆ ಗೋಬಿ ಗಾಡಿ ಮುಂದೆ ನಿಂತವನು ನಾನಲ್ಲ, ನನ್ನ ಹಸಿವು. ಅಂದರೆ ಹನ್ನೊಂದಕ್ಕೆ ಸೋಲೋ ಯುದ್ಧವನ್ನ ಸಂಜೆ ಆರಕ್ಕೇ ಸೋತಿರ್ತಿದ್ದೆ.

ಈಗ ಸಂಜೆ ಆರೂವರೆಗೆ, ಸ್ಟುಡಿಯೋಗೆ ಹೋಗೋ ಮೊದಲು, ಡಬ್ಬಿ ಬಿಚ್ತೀನಿ. ಎರಡು ರಾಗಿ ರೊಟ್ಟಿ, ಒಂದು ಕಾಳು ಪಲ್ಯ. ಇಲ್ಲದಿದ್ದರೆ ಹೆಸರುಬೇಳೆ ಕೋಸಂಬರಿ, ಎರಡು ಮೊಟ್ಟೆ. ಏನೂ ಇಲ್ಲದ ದಿನ ಹುರಿಗಡಲೆ, ಶೇಂಗಾ. ದೊಡ್ಡ ಖರ್ಚಿಲ್ಲ, ದೊಡ್ಡ ಅಡುಗೆಯೂ ಅಲ್ಲ. ಡಬ್ಬಿ ನಾನೇ ಕಟ್ಟಿಕೊಳ್ತೀನಿ. ‘ನಿಮ್ಮ ಆರೋಗ್ಯದ ಡ್ಯೂಟೀನೂ ನನಗೇ ಹಾಕ್ಬೇಡಿ’ ಅಂತ ಹೆಂಡತಿ ಮೊದಲೇ ಹೇಳಿಬಿಟ್ಟಿದ್ದಾಳೆ. ಸರಿಯಾಗೇ ಹೇಳಿದ್ದಾಳೆ.

ಇನ್ನೂ ಎರಡು ಬದಲಾವಣೆ. ಫೋನಿನಿಂದ ಊಟ ತರಿಸೋ ಆ್ಯಪ್ ತೆಗೆದು ಹಾಕಿದೆ. ಒಂದು ಬೆರಳು ಒತ್ತಿದರೆ ಬರ್ತಿದ್ದಿದ್ದು ಈಗ ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷದಲ್ಲಿ ಎಷ್ಟೋ ಸಲ ಆಸೆ ತಾನಾಗೇ ತಣ್ಣಗಾಗುತ್ತೆ. ಎರಡನೇದು, ಗೋಬಿಗೆ ಗಡೀಪಾರು ಶಿಕ್ಷೆ ಕೊಡಲಿಲ್ಲ. ತಿಂಗಳಿಗೆ ಎರಡು ಭಾನುವಾರ ಸಂಜೆ ಮಗಳನ್ನ ಕರ್ಕೊಂಡು ಅದೇ ಗಾಡಿಗೆ ಹೋಗ್ತೀನಿ. ಮೂರು ಜನಕ್ಕೆ ಒಂದು ಪ್ಲೇಟ್. ಕೊನೆಯ ಚೂರಿಗೆ ಈಗಲೂ ಜಗಳ. ಆದರೆ ಕಾರಿನಲ್ಲಿ ಕದ್ದು ತಿನ್ನೋ ಗೋಬಿಗೆ ಈ ರುಚಿ ಇರಲಿಲ್ಲ.

ಎಲ್ಲ ಗೆದ್ದುಬಿಟ್ಟೆ ಅಂತ ಹೇಳ್ತಿಲ್ಲ. ಚುನಾವಣೆ ಫಲಿತಾಂಶದ ದಿನ ಮತ್ತೆ ಜಾರಿದೆ. ಆದರೆ ಮಾರನೇ ದಿನ ಡಬ್ಬಿ ಕಟ್ಟೋದು ಬಿಡಲಿಲ್ಲ. ಹೋದ ತಿಂಗಳ ವರದಿಯಲ್ಲಿ 5.8 ಬಂದಿದೆ. ಇನ್ನೂ ಹೊಸ್ತಿಲಲ್ಲೇ ಇದ್ದೀನಿ, ಆದರೆ ಮುಖ ಹೊರಗಡೆಗಿದೆ. ನಿಮ್ಮ ವಿಷಯದಲ್ಲಿ ಏನು ಮಾಡಬೇಕು ಅನ್ನೋದನ್ನ ನಿಮ್ಮ ಡಾಕ್ಟರ್ ಹತ್ರಾನೇ ಕೇಳಿ, ಟಿವಿಯವನ ಹತ್ರ ಅಲ್ಲ.

ಇನ್ನೊಂದು ತಪ್ಪೊಪ್ಪಿಗೆ ಬಾಕಿ ಇದೆ. ನಾನು ಇಲ್ಲಿ ಆರೋಗ್ಯದ ಭಾಷಣ ಮಾಡಿ ಬ್ರೇಕ್ ತಗೊಂಡರೆ, ಆ ಬ್ರೇಕ್‌ನಲ್ಲಿ ಬರೋದು ಚಿಪ್ಸ್, ಕೂಲ್‌ಡ್ರಿಂಕ್ಸ್ ಜಾಹೀರಾತು. ನನ್ನ ಸಂಬಳಕ್ಕೂ ಅದರ ಪಾಲಿದೆ. ಜನರಿಗೆ ‘ಆಸೆ ಕಟ್ಟಿಕೊಳ್ಳಿ’ ಅಂತ ಬುದ್ಧಿ ಹೇಳೋರು, ಆ ಆಸೆ ಹುಟ್ಟಿಸೋ ಅಂಗಡಿ ತೆರೆದು ಕೂತೋರೂ ನಾವೇ. ಗಾಡಿಯವರನ್ನ ಬೈಯೋ ಮೊದಲು ಇದನ್ನೂ ಲೆಕ್ಕಕ್ಕೆ ತಗೋಬೇಕು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ ಹಿರಿಯರು. ನಾವು ಟಿವಿಯವರು ಎರಡನ್ನೂ ಕೆಡಿಸಿಕೊಂಡವರು. ಜಗಳ ಬಿಟ್ಟರೆ ಹೊಟ್ಟೆಪಾಡು ನಡೆಯಲ್ಲ, ಹಾಗಾಗಿ ಊಟವನ್ನಾದರೂ ಸರಿ ಮಾಡ್ಕೊಳ್ತೀನಿ.

ಇನ್ನು ಸ್ವಲ್ಪ ಹೊತ್ತಿಗೆ ಅಪ್ಪನ ಫೋನ್ ಬರುತ್ತೆ. ‘ಊಟ ಆಯ್ತೇನೋ?’ ಅಂತ ಕೇಳ್ತಾರೆ. ಆಯ್ತಪ್ಪ, ಆರೂವರೆಗೇ ಆಯ್ತು. ಇವತ್ತು ಸುಳ್ಳಲ್ಲ.

ನಿಮ್ಮದೂ ಹೊತ್ತಿಗೆ ಸರಿಯಾಗಿ ಆಗಲಿ.