ಮರದ ನೀರಿನಿಂದ ಮೇಪಲ್ ಪಾಕ

ಆಲೆಮನೆಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು, ನೊರೆಯೆದ್ದು, ಜೋನಿ ಬೆಲ್ಲವಾಗುವುದನ್ನು ಕಂಡವರಿಗೆ ನಾನು ಹೇಳಹೊರಟ ವಿಷಯ ತೀರಾ ಅಪರಿಚಿತವೆನಿಸದು. ಕೆನಡಾದ ಕ್ವಿಬೆಕ್, ಒಂಟಾರಿಯೊ ಪ್ರಾಂತ್ಯಗಳಲ್ಲಿ, ಅಮೆರಿಕದ ವರ್ಮಾಂಟ್, ನ್ಯೂಯಾರ್ಕ್, ಮೇಯ್ನ್ ಮೊದಲಾದ ರಾಜ್ಯಗಳಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ ಜನ ಇಂಥದೇ ಪಾಕ ಕಾಯಿಸುತ್ತಾರೆ. ಅಲ್ಲಿ ಸಿಹಿ ಕೊಡುವುದು ಮೇಪಲ್ ಎಂಬ ಮರ. ಕೆನಡಾದ ಧ್ವಜದ ಮೇಲಿರುವ ಕೆಂಪು ಎಲೆ ಮೇಪಲ್ ಎಲೆಯೇ. ಜಗತ್ತಿನ ಮೇಪಲ್ ಪಾಕದ ಬಹುಪಾಲು ಕ್ವಿಬೆಕ್ ಒಂದರಿಂದಲೇ ಬರುತ್ತದೆ. ಆ ದೊಡ್ಡ ಉದ್ಯಮದ ಮಾತು ಬೇರೆ. ಮನೆಯ ಹಿತ್ತಿಲಿನ ಎರಡು ಮೂರು ಮರಗಳಿಂದ ಹವ್ಯಾಸಕ್ಕಾಗಿ ಪಾಕ ಮಾಡುವವರ ಕೆಲಸವನ್ನು ಇಂದು ನೋಡೋಣ.

ಈ ವಿದ್ಯೆ ಯೂರೋಪಿನವರು ಹೊತ್ತು ತಂದದ್ದಲ್ಲ. ಅನಿಶಿನಾಬೆ ಮೊದಲಾದ ಅಲ್ಲಿನ ಮೂಲನಿವಾಸಿಗಳು ಬರ್ಚ್ ಮರದ ತೊಗಟೆಯ ಪಾತ್ರೆಗಳಲ್ಲಿ ಈ ನೀರನ್ನು ಸಂಗ್ರಹಿಸಿ, ಕಾಯಿಸಿ, ಸಕ್ಕರೆ ಮಾಡಿ ಇಡುತ್ತಿದ್ದರು. ವಲಸಿಗರು ಕಲಿತದ್ದು ಅವರಿಂದ.

ಮರದಿಂದ ಸಿಹಿ ನೀರು ತೊಟ್ಟಿಕ್ಕುವುದಾದರೂ ಹೇಗೆ? ನಮ್ಮ ತೆಂಗಿನ ನೀರಾ ಹೊಂಬಾಳೆಯಿಂದ ಇಳಿಯುತ್ತದೆ. ಮೇಪಲ್ ನೀರು ಹರಿಯುವುದು ಕಾಂಡದ ಒಳಗಿನ ಹಸಿ ಮರದಿಂದ, ಅದೂ ಮರದಲ್ಲಿ ಒಂದೇ ಒಂದು ಎಲೆಯೂ ಇಲ್ಲದ ಕಾಲದಲ್ಲಿ. ಹಿಂದಿನ ಬೇಸಿಗೆಯಲ್ಲಿ ಎಲೆಗಳು ತಯಾರಿಸಿದ ಆಹಾರ ಪಿಷ್ಟವಾಗಿ ಮರದೊಳಗೆ ಕೂಡಿಟ್ಟಿರುತ್ತದೆ. ಚಳಿಯಲ್ಲಿ ಅದು ಸಕ್ಕರೆಯಾಗುತ್ತದೆ. ರಾತ್ರಿ ಉಷ್ಣತೆ ಶೂನ್ಯ ಡಿಗ್ರಿಗಿಂತ ಕೆಳಗಿಳಿಯಬೇಕು, ಹಗಲು ನಾಲ್ಕೈದು ಡಿಗ್ರಿ ಮೇಲೇರಬೇಕು. ಮೇಪಲ್ ಮರದ ನಾರಿನ ಕೋಶಗಳಲ್ಲಿ ನೀರಿನ ಬದಲು ಅನಿಲ ತುಂಬಿರುತ್ತದೆ. ರಾತ್ರಿ ಅಲ್ಲಿ ಮಂಜುಗಡ್ಡೆ ಕಟ್ಟಿ ಅನಿಲ ಕುಗ್ಗಿದಾಗ ಮರ ಬೇರಿನಿಂದ ನೀರನ್ನು ಮೇಲಕ್ಕೆಳೆಯುತ್ತದೆ. ಹಗಲು ಮಂಜುಗಡ್ಡೆ ಕರಗುತ್ತಲೇ ಅದುಮಿಕೊಂಡಿದ್ದ ಅನಿಲ ಹಿಗ್ಗಿ ನೀರನ್ನು ಒತ್ತುತ್ತದೆ. ಆಗ ಕಾಂಡದಲ್ಲಿ ತೂತಿದ್ದರೆ ನೀರು ಹೊರಬರುತ್ತದೆ. ರಾತ್ರಿ ಹೆಪ್ಪುಗಟ್ಟದಿದ್ದರೆ ಮರುದಿನ ಡಬ್ಬ ಖಾಲಿ! ಆದ್ದರಿಂದ ಈ ಹವ್ಯಾಸಿಗೆ ಬೈರಿಗೆಗಿಂತ ಮೊದಲು ಬೇಕಾದದ್ದು ಉಷ್ಣಮಾಪಕ.

ಉಪಕರಣಗಳು ಸರಳ. ಎದೆಮಟ್ಟದಲ್ಲಿ ಕಾಂಡದ ಅಡ್ಡಳತೆ ಕನಿಷ್ಠ 25ರಿಂದ 30 ಸೆಂಟಿಮೀಟರ್ ಇರಬೇಕು. ಸಕ್ಕರೆ ಮೇಪಲ್ ಅಷ್ಟು ದಪ್ಪವಾಗಲು ಸಾಮಾನ್ಯವಾಗಿ ಸುಮಾರು 40 ವರ್ಷ ಬೇಕು. ಬೈರಿಗೆಯಿಂದ 8 ಮಿಲಿಮೀಟರ್ ಅಗಲದ, 4ರಿಂದ 5 ಸೆಂಟಿಮೀಟರ್ ಆಳದ ತೂತನ್ನು, ನೀರು ಹೊರಕ್ಕೆ ಇಳಿಯುವಂತೆ ತುಸು ಓರೆಯಾಗಿ ಕೊರೆಯುತ್ತಾರೆ. ಅದಕ್ಕೊಂದು ನಳಿಕೆ ಬಡಿದು, ಮುಚ್ಚಳವಿರುವ ಡಬ್ಬ ತೂಗುಹಾಕುತ್ತಾರೆ. ಸೀಸದ ಬೆಸುಗೆಯಿರುವ ಹಳೆಯ ಡಬ್ಬಗಳು ನೋಡಲು ಚೆನ್ನ, ಬಳಸಲು ಸಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಕಬ್ಬಿನ ಹಾಲಿನಲ್ಲಿ ಸಕ್ಕರೆ ಶೇಕಡಾ 15ರ ಆಸುಪಾಸು ಇರುತ್ತದೆ. ಮೇಪಲ್ ನೀರಿನಲ್ಲಿ ಬರೇ ಶೇಕಡಾ 2. ನಾಲಿಗೆಗೆ ಅದು ನೀರೇ. ಒಂದು ಲೀಟರ್ ಪಾಕಕ್ಕೆ ಸುಮಾರು 40 ಲೀಟರ್ ನೀರು ಬೇಕು. ಒಂದು ತೂತಿನಿಂದ ಇಡೀ ಋತುವಿನಲ್ಲಿ ಸಿಗುವುದು ಹೆಚ್ಚುಕಡಿಮೆ ಅಷ್ಟೇ. ಭೌತಶಾಸ್ತ್ರ ಓದುವವರು ಗಮನಿಸಿ: ಒಂದು ಕಿಲೋಗ್ರಾಂ ನೀರನ್ನು ಆವಿ ಮಾಡಲು ಸುಮಾರು 2,260 ಕಿಲೋಜೂಲ್ ಶಾಖ ಬೇಕು. 39 ಲೀಟರ್ ಓಡಿಸಬೇಕು, ಅದಕ್ಕೆ ಮೊದಲು ಎಲ್ಲವನ್ನೂ ಕುದಿಯುವವರೆಗೆ ಕಾಯಿಸಬೇಕು. ಒಟ್ಟು ಸುಮಾರು ಒಂದು ಲಕ್ಷ ಕಿಲೋಜೂಲ್ ಆಯಿತು. ಅರ್ಧ ಶಾಖ ಗಾಳಿಪಾಲಾಗುತ್ತದೆಂದು ಹಿಡಿದರೆ, ಒಂದು ಲೀಟರ್ ಪಾಕಕ್ಕೆ ನಮ್ಮ ಅಡುಗೆ ಅನಿಲದ 14.2 ಕಿಲೋಗ್ರಾಂ ಸಿಲಿಂಡರಿನ ಮೂರರಲ್ಲೊಂದು ಭಾಗ ಮುಗಿಯುತ್ತದೆ. ಕಾಸಿನ ಲೆಕ್ಕದಲ್ಲಿ ಇದು ಲಾಭದ ಕೆಲಸವೇ ಅಲ್ಲ. ಹವ್ಯಾಸ ಎನ್ನುವುದು ಅದಕ್ಕಾಗಿಯೇ. ಅಡುಗೆಮನೆಯೊಳಗೆ ಕಾಯಿಸಿದರೆ ಅಷ್ಟೂ ಆವಿ ಗೋಡೆಗಳ ಮೇಲೆ ಕೂರುತ್ತದೆ. ಬಲ್ಲವರು ಅಂಗಳದಲ್ಲಿ ಸೌದೆ ಒಲೆ ಹೂಡಿ, ಅಗಲ ಬಾಯಿಯ ತಟ್ಟೆಪಾತ್ರೆ ಇಡುತ್ತಾರೆ. ನೊರೆ ಉಕ್ಕಿಬಂದರೆ ಒಂದು ಚೂರು ಬೆಣ್ಣೆ ಹಾಕಿದರೆ ಸಾಕು, ಇಳಿಯುತ್ತದೆ.

ಪಾಕ ಬಂದಿತೆಂದು ತಿಳಿಯುವುದು ಹೇಗೆ? ನಮ್ಮ ಮನೆಗಳಲ್ಲಿ ಬೆರಳುಗಳ ನಡುವೆ ಎಳೆ ನೋಡುತ್ತಾರೆ. ಅಲ್ಲಿ ಉಷ್ಣಮಾಪಕ ನೋಡುತ್ತಾರೆ: ನೀರು ಕುದಿಯುವ ಉಷ್ಣತೆಗಿಂತ 4 ಡಿಗ್ರಿ ಸೆಲ್ಸಿಯಸ್ ಮೇಲೇರಿದರೆ ಪಾಕ ಹದಕ್ಕೆ ಬಂದಂತೆ. ನೀರು ಎಲ್ಲೆಡೆಯೂ 100 ಡಿಗ್ರಿಗೇ ಕುದಿಯುವುದಿಲ್ಲ. ಮಂಗಳೂರಿನಲ್ಲಿ 100 ಆದರೆ ಬೆಂಗಳೂರಿನ ಎತ್ತರದಲ್ಲಿ ಸುಮಾರು 97. ಆದ್ದರಿಂದ ಜಾಗರೂಕರು ಮೊದಲು ಬರೀ ನೀರು ಕುದಿಸಿ ಅಳೆದುಕೊಳ್ಳುತ್ತಾರೆ. ಪಾಕ ತೆಳುವಾದರೆ ಹುಳಿಯುತ್ತದೆ, ಗಟ್ಟಿಯಾದರೆ ತಳದಲ್ಲಿ ಹರಳುಗಟ್ಟುತ್ತದೆ. ಕೊನೆಯ ಕೆಲವು ನಿಮಿಷ ಕಣ್ಣು ತೆಗೆದರೆ ಸೀದೇ ಹೋಗುತ್ತದೆ. ಬಿಸಿಯಿರುವಾಗಲೇ ದಪ್ಪ ಉಣ್ಣೆ ಬಟ್ಟೆಯಲ್ಲಿ ಸೋಸಬೇಕು, ಏಕೆಂದರೆ ಮರದ ಖನಿಜಗಳು ಮರಳಿನಂತೆ ಕೂಡಿರುತ್ತವೆ.

ಇಷ್ಟೆಲ್ಲ ತೆಗೆದರೆ ಮರಕ್ಕೇನಾಗುತ್ತದೆ? ಈ ಪ್ರಶ್ನೆ ನಿಮಗೂ ಬಂದಿರಬೇಕು. ಮರದ ಗಾಯ ನಮ್ಮ ಚರ್ಮದಂತೆ ಮಾಯುವುದಿಲ್ಲ. ಮರ ತೂತಿನ ಸುತ್ತ ಒಳಗೋಡೆ ಕಟ್ಟಿಕೊಂಡು ಆ ಭಾಗವನ್ನು ಕೈಬಿಡುತ್ತದೆ. ತೂತಿನ ಮೇಲೂ ಕೆಳಗೂ ಕಂದು ಪಟ್ಟೆಯಾದ ಆ ಮರದಲ್ಲಿ ಮತ್ತೆಂದೂ ನೀರು ಹರಿಯದು. ಮುಂದಿನ ವರ್ಷ ಅಲ್ಲಿಂದ ದೂರಕ್ಕೆ ಕೊರೆಯಬೇಕು. ಅಷ್ಟರೊಳಗೆ ಹೊರಸುತ್ತಿನಲ್ಲಿ ಹೊಸ ಮರ ಬೆಳೆಯುತ್ತಿರಬೇಕು. ಬೆಳೆಯುವುದಕ್ಕಿಂತ ಬೇಗ ಕೊರೆದರೆ ಒಂದು ದಿನ ಕೊರೆಯಲು ಒಳ್ಳೆಯ ಜಾಗವೇ ಉಳಿಯದು. ಸಣ್ಣ ಮರವನ್ನು ಮುಟ್ಟದಿರುವುದು, ದಪ್ಪ ಮರಕ್ಕೂ ಒಂದೆರಡೇ ತೂತು ಎಂಬ ಕಟ್ಟು ಬಂದದ್ದು ಹೀಗೆ. ಮೊಗ್ಗು ಊದಿಕೊಂಡಾಗ ನೀರಿಗೆ ಕೆಟ್ಟ ರುಚಿ ಬರುತ್ತದೆ. ಆಗ ನಳಿಕೆ ಕಿತ್ತುಬಿಡುತ್ತಾರೆ. ಚಳಿಗಾಲಗಳು ಬೆಚ್ಚಗಾಗುತ್ತಿರುವುದರಿಂದ ಈಗ ಆ ಋತು ಹಿಂದಿಗಿಂತ ಮುಂಚೆಯೇ ಬಂದುಹೋಗುತ್ತಿದೆ; ಮಾರ್ಚ್ ತಿಂಗಳನ್ನೇ ನಂಬಿ ಕುಳಿತವರಿಗೆ ಒಳ್ಳೆಯ ಹರಿವು ತಪ್ಪಿಹೋಗಬಹುದು.

ನಮ್ಮಲ್ಲಿ ಆ ಮರವಿಲ್ಲ, ಆ ಚಳಿಯೂ ಇಲ್ಲ. ಆದರೆ ಒಂದು ಪ್ರಯೋಗ ಮಾಡಬಹುದು. ಒಂದು ಲೀಟರ್ ನೀರಿಗೆ 20 ಗ್ರಾಂ ಸಕ್ಕರೆ ಬೆರೆಸಿ ರುಚಿ ನೋಡಿ; ಮೇಪಲ್ ನೀರಿನ ಸಿಹಿ ಇಷ್ಟೇ. ಖಾಲಿ ಪಾತ್ರೆಯನ್ನು ಮೊದಲೇ ತೂಗಿಟ್ಟುಕೊಂಡು, ಮನೆಯ ಹಿರಿಯರ ಎದುರಿನಲ್ಲಿ ಇದನ್ನು ಕುದಿಸಿ, ಕೊನೆಗೆ ಉರಿ ಸಣ್ಣದು ಮಾಡಿ. ಒಳಗೆ 30 ಗ್ರಾಂ ಉಳಿದಾಗ ಇಳಿಸಿ. ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಡಿ. ಎರಡು ದೊಡ್ಡ ಚಮಚವೂ ತುಂಬದ ಆ ಪಾಕ ಸಿಹಿಯಾಗಿರುತ್ತದೆ, ಆದರೆ ಮೇಪಲ್‌ನ ಕಂಪು ಅದರಲ್ಲಿ ಇರುವುದಿಲ್ಲ. ಅದು ಬರುವುದು ಮರದ ನೀರಿನಲ್ಲಿ ಸಕ್ಕರೆಯೊಡನೆ ಅತ್ಯಲ್ಪವಾಗಿ ಬೆರೆತಿರುವ ಅಮೈನೋ ಆಮ್ಲಗಳಂಥ ವಸ್ತುಗಳಿಂದ. ಗಂಟೆಗಟ್ಟಲೆ ಕುದಿಯುವಾಗ ಅವು ಸಕ್ಕರೆಯೊಂದಿಗೆ ಸೇರಿ ಕಂದು ಬಣ್ಣವನ್ನೂ ಆ ಕಂಪನ್ನೂ ಕೊಡುತ್ತವೆ.