ಕಾಯಿಸಿದ್ರೆ ಮುರಿಯೋ ಲೋಹ

ಬೂವನಹಳ್ಳಿಯಿಂದ ಮಾತಾಡ್ತಿದ್ದೀನಿ. ನಾನು ಬಿ.ಕಾಂ ಓದಿದವನು, ಹಾಗಾಗಿ ಇವತ್ತು ಫಾರ್ಮುಲಾ ಇರಲ್ಲ, ಭಯ ಬೇಡ.

ಕುಡುಗೋಲು ಮಾಡೋದು ನೋಡಿದೀರಾ? ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾರೆ. ಉಕ್ಕು ಗಡಸಾಗುತ್ತೆ, ಆದ್ರೆ ಕಲ್ಲಿಗೆ ತಾಗಿದ್ರೆ ಚೂರು. ಅದಕ್ಕೇ ಮತ್ತೆ ಹದವಾಗಿ ಕಾಯಿಸ್ತಾರೆ. ಆಮೇಲೆ ಪೆಟ್ಟು ತಡೆಯುತ್ತೆ.

ಲೋಹದ ಗಾಜು, ಅಂದ್ರೆ ಮೆಟಾಲಿಕ್ ಗ್ಲಾಸ್, ಇದರ ಉಲ್ಟಾ. ಕರಗಿದ ಮಿಶ್ರಲೋಹವನ್ನ ದಿಢೀರ್ ಅಂತ ತಣ್ಣಗೆ ಮಾಡಿದ್ರೆ ಅಣುಗಳಿಗೆ ಸಾಲಾಗಿ ನಿಲ್ಲೋಕೆ ಟೈಮೇ ಸಿಗಲ್ಲ. 1960ರಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಚಿನ್ನ ಮತ್ತು ಸಿಲಿಕಾನ್ ಸೇರಿಸಿ ಮೊದಲು ಮಾಡಿದ್ದು.

ಹಾಸನ ಬಸ್ ಸ್ಟ್ಯಾಂಡಲ್ಲಿ ರಶ್ ಬಸ್ಸಿಗೆ ಜನ ನುಗ್ಗಿದ ಹಾಗೆ ಅಂದ್ಕೊಳ್ಳಿ. ಅಡ್ಡಾದಿಡ್ಡಿ ನಿಂತಿರ್ತಾರೆ, ನಡುವೆ ಅಲ್ಲಲ್ಲಿ ಸಣ್ಣ ಜಾಗ ಇರುತ್ತೆ. ಬ್ರೇಕ್ ಹಾಕಿದಾಗ ಆ ಜಾಗದಿಂದಲೇ ಒಬ್ಬರು ಸರಿದು ಇನ್ನೊಬ್ಬರು ಉಳ್ಕೊಳ್ಳೋದು. ಈಗ ಕಂಡಕ್ಟರ್ "ಒಳಗೆ ಹೋಗಿ, ಒಳಗೆ ಹೋಗಿ" ಅಂತ ತಳ್ಳಿದ್ರೆ? ಖಾಲಿ ಜಾಗ ಮುಗೀತು, ಯಾರೂ ಅಲ್ಲಾಡೋ ಹಾಗಿಲ್ಲ. ಲೋಹದ ಗಾಜನ್ನ ಹದವಾಗಿ ಕಾಯಿಸೋದು ಆ ಕಂಡಕ್ಟರ್ ಕೆಲಸ. ಹೊಡೆತ ಬಿದ್ರೆ ಬಾಗಲ್ಲ, ಬಿರಿಯುತ್ತೆ.

ಇದನ್ನ ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲೇ ಪರೀಕ್ಷೆ ಮಾಡಿದ್ರು. ಪಿ. ಮುರಳಿ ಮತ್ತು ಯು. ರಾಮಮೂರ್ತಿ 2005ರಲ್ಲಿ ಪ್ರಕಟಿಸಿದ ಕೆಲಸ ಅದು. ಜಿರ್ಕೋನಿಯಂ, ಟೈಟಾನಿಯಂ, ತಾಮ್ರ, ನಿಕ್ಕಲ್, ಬೆರಿಲಿಯಂ ಸೇರಿದ ವಿಟ್ರೆಲಾಯ್ ಅನ್ನೋ ಲೋಹ. ಅದು ಮೆತ್ತಗಾಗೋದು ಸುಮಾರು 350 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕಿಂತ ಕೆಳಗಿನ ಬಿಸಿಯಲ್ಲಿ ಇಟ್ಟರೂ ಪೆಟ್ಟು ತಡೆಯೋ ಶಕ್ತಿ ಕುಸಿಯಿತು.

ಹಾಗಾದ್ರೆ ಕಾಯಿಸೋದೇ ಬೇಡ್ವಾ? ಟ್ರಾನ್ಸ್‌ಫಾರ್ಮರ್ ಕೋರ್‌ಗೆ ಕಬ್ಬಿಣದ ಲೋಹದ ಗಾಜಿನ ಪಟ್ಟಿ ಸುತ್ತುತ್ತಾರೆ, ಕೂದಲಿಗಿಂತ ತೆಳು. ಅದನ್ನ ಕಾಯಿಸಲೇಬೇಕು, ಒಳಗಿನ ಬಿಗಿತ ಇಳಿದು ಕರೆಂಟ್ ಪೋಲಾಗೋದು ಕಮ್ಮಿ ಆಗುತ್ತೆ. ಪಟ್ಟಿ ಪುಡಿಪುಡಿಯಾಗೋ ಹಾಗಾಗುತ್ತೆ, ನಿಜ. ಆದ್ರೆ ಕೋರ್‌ಗೆ ಯಾರೂ ಸುತ್ತಿಗೆಯಲ್ಲಿ ಹೊಡೆಯಲ್ಲ, ಸುಮ್ನೆ ಕೂತಿರುತ್ತೆ. ಲಾಭ ನಷ್ಟ ತೂಗಿ ನೋಡಿದ್ರೆ ಒಳ್ಳೆ ವ್ಯಾಪಾರ.

ಪೆಟ್ಟು ತಿನ್ನೋ ಜಾಗಕ್ಕೆ ಬೇಕಾದ್ರೆ ಮಾತ್ರ ಬೇರೆ ದಾರಿ. 2015ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಕೆಲಸ ಅದು. ಕಾಯಿಸೋ ಬದಲು ದ್ರವ ನೈಟ್ರೋಜನ್‌ಗೆ, ಅಂದ್ರೆ ಮೈನಸ್ 196 ಡಿಗ್ರಿಗೆ ಅದ್ದೋದು, ಹೊರಗೆ ತೆಗೆಯೋದು, ಮತ್ತೆ ಅದ್ದೋದು. ಒಳಗಿನ ಭಾಗಗಳು ಒಂದೊಂದು ಪ್ರಮಾಣದಲ್ಲಿ ಕುಗ್ಗಿ ಹಿಗ್ಗಿ, ಬಿಗಿದಿದ್ದ ಬಸ್ಸಲ್ಲಿ ಮತ್ತೆ ಸ್ವಲ್ಪ ಜಾಗ ಆಗುತ್ತೆ.